ಪರಮಾಣುವಿನ ಬೆಳಕೂ ಕನ್ನಡದ ಉಪಮಾನಗಳೂ

೧

ಕ್ರಿ. ಶ. ೧೯೨೨ನೆಯ ವರ್ಷದಲ್ಲಿ ದಾವಣಗೆರೆಯಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆಯಿತು. ಅದೇ ವರ್ಷದ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು, ಪರಮಾಣುಗಳ ರಚನೆಯನ್ನೂ ಅವುಗಳಿಂದ ಹೊರಡುವ ವಿಕಿರಣವನ್ನೂ ಶೋಧಿಸಿದ್ದಕ್ಕಾಗಿ, ಡೆನ್ಮಾರ್ಕಿನ ನೀಲ್ಸ್ ಬೋರನಿಗೆ ಸಂದಿತು. ಈ ಎರಡು ಸಂಗತಿಗಳಿಗೆ ಕಾರ್ಯಕಾರಣಸಂಬಂಧವೇನೂ ಇಲ್ಲ. ಆದರೆ ಅಂದಿನಿಂದ ಈಚೆಗೆ ಇವೆರಡೂ ಒಂದೇ ಕೊಠಡಿಯಲ್ಲಿ ಸಂಧಿಸುತ್ತ ಬಂದಿವೆ. ಆ ಕೊಠಡಿಯೇ ಕನ್ನಡದಲ್ಲಿ ವಿಜ್ಞಾನವನ್ನು ಬೋಧಿಸುವ ಪಾಠಶಾಲೆ. ಬೋರನ ಸಿದ್ಧಾಂತವನ್ನು ಕನ್ನಡದಲ್ಲಿ ಹೇಳಹೊರಟ ಉಪಾಧ್ಯಾಯನಿಗೆ ಮೊದಲು ಒದಗುವುದು ಗಣಿತವಲ್ಲ, ಉಪಮಾನ. ಎಲೆಕ್ಟ್ರಾನು ಮೆಟ್ಟಿಲೇರುತ್ತದೆ, ಇಳಿಯುತ್ತದೆ, ತಂತಿಯಂತೆ ಮಿಡಿಯುತ್ತದೆ, ಗ್ರಹದಂತೆ ಸುತ್ತುತ್ತದೆ ಎಂದು ಮುಂತಾಗಿ ಪಾಠವು ಮುಂದುವರಿಯುತ್ತದೆ. ಈ ಉಪಮಾನಗಳು ಯೋಗ್ಯವೋ ಅಯೋಗ್ಯವೋ ಎಂಬುದನ್ನು ನಿರ್ಣಯಿಸುವ ಭಾರವು ಭೌತಶಾಸ್ತ್ರಜ್ಞರೊಬ್ಬರದೇ ಎಂದು ಸಾಹಿತ್ಯಜ್ಞರು ಸುಮ್ಮನಿರುವುದು ವಾಡಿಕೆ. ಈ ವಾಡಿಕೆಯು ಉಚಿತವಲ್ಲವೆಂಬುದೇ ಪ್ರಸ್ತುತ ಲೇಖನದ ಅಭಿಪ್ರಾಯ.

ಕನ್ನಡದ ಪೂರ್ವಪರಂಪರೆಯು ಇದಕ್ಕೆ ಅನುಕೂಲವಾಗಿಯೇ ಇದೆ. ೧೯೧೮ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ನಡೆಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು. ಪಂಪಭಾರತದ ಪರಿಷತ್ಪ್ರಕಟನೆಯನ್ನು ಸಂಪಾದಿಸಿದವರೂ ಅವರೇ. ಪಾಠಾಂತರವನ್ನು ತೂಗಿ ನೋಡಿದ ಕೈಯೇ ಪಾರಿಭಾಷಿಕ ಶಬ್ದವನ್ನೂ ತೂಗಿ ನೋಡಿತು. ೧೯೩೭ರಲ್ಲಿ ಅವರು ಅಧ್ಯಕ್ಷರಾದ ಸಮ್ಮೇಳನವು ಜಮಖಂಡಿಯಲ್ಲಿ ನಡೆಯಿತು. ಆ ಊರಿಗೆ ಈ ವಿಷಯದೊಡನೆ ಇನ್ನೊಂದು ನಂಟುಂಟು. ಅದನ್ನು ಮುಂದೆ ಹೇಳಲಾಗುವುದು.

ಉಪಮಾನವನ್ನು ಪರೀಕ್ಷಿಸುವುದಕ್ಕೆ ಹೊಸ ಒರೆಗಲ್ಲು ಬೇಕಾಗಿಲ್ಲ. ವಾಮನನು ಉಪಮೆಯ ದೋಷಗಳನ್ನು ಆರಾಗಿ ಎಣಿಸಿದ್ದಾನೆ: ಹೀನತ್ವ, ಅಧಿಕತ್ವ, ಲಿಂಗಭೇದ, ವಚನಭೇದ, ಅಸಾದೃಶ್ಯ, ಅಸಂಭವ. ಇವುಗಳಲ್ಲಿ ಲಿಂಗವಚನಗಳ ಭೇದವು ಶಬ್ದವನ್ನು ಅವಲಂಬಿಸಿದ್ದು, ಇಲ್ಲಿ ಬೇಕಾಗಿಲ್ಲ. ಉಪಮಾನದಲ್ಲಿ ಧರ್ಮವು ಕಡಿಮೆಯಾದರೆ ಹೀನತ್ವ, ಹೆಚ್ಚಾದರೆ ಅಧಿಕತ್ವ, ಹೋಲಿಕೆಯೇ ಇಲ್ಲದಿದ್ದರೆ ಅಸಾದೃಶ್ಯ, ಹೇಳಿದುದು ಘಟಿಸಲಾರದಿದ್ದರೆ ಅಸಂಭವ. ಕಾವ್ಯದಲ್ಲಿ ಈ ದೋಷಗಳಿಂದ ಕೆಡುವುದು ರಸ; ಪಾಠದಲ್ಲಿ ಕೆಡುವುದು ತಿಳಿವಳಿಕೆ. ರಸಭಂಗವು ಸಹೃದಯನಿಗೆ ಒಡನೆಯೇ ಗೊತ್ತಾಗುತ್ತದೆ. ತಪ್ಪು ತಿಳಿವಳಿಕೆಯಾದರೋ ವಿದ್ಯಾರ್ಥಿಯೊಡನೆ ಬೆಳೆದು, ಅವನು ಉಪಾಧ್ಯಾಯನಾದ ಮೇಲೆ ಮುಂದಿನ ತಲೆಗೂ ಇಳಿಯುತ್ತದೆ.

೨

ಉಪಮಾನವನ್ನು ಅಳೆಯುವ ಮೊದಲು ಉಪಮೇಯವೇನೆಂಬುದನ್ನು ನಿಶ್ಚಯಿಸಬೇಕು. ಪರಮಾಣುವಿನಲ್ಲಿ ಬಂಧಿತವಾದ ಎಲೆಕ್ಟ್ರಾನಿಗೆ ಇಷ್ಟಬಂದಷ್ಟು ಶಕ್ತಿಯಿರಲು ಅವಕಾಶವಿಲ್ಲ. ನಿಯತವಾದ ಕೆಲವು ಶಕ್ತಿಸ್ಥಿತಿಗಳು ಮಾತ್ರ ಉಂಟು. ಜಲಜನಕದ ಎಲೆಕ್ಟ್ರಾನನ್ನು ಮೊದಲನೆಯ ಸ್ಥಿತಿಯಿಂದ ಪೂರ್ತಿಯಾಗಿ ಬಿಡಿಸಲು ೧೩.೬ ಎಲೆಕ್ಟ್ರಾನ್-ವೋಲ್ಟುಗಳಷ್ಟು ಶಕ್ತಿ ಬೇಕು. ಎರಡನೆಯದರಿಂದ ಬಿಡಿಸಲು ೩.೪೦, ಮೂರನೆಯದರಿಂದ ೧.೫೧, ನಾಲ್ಕನೆಯದರಿಂದ ೦.೮೫ ಸಾಕು. ಮೂರನೆಯ ಸ್ಥಿತಿಯಿಂದ ಎರಡನೆಯದಕ್ಕೆ ಬಂದಾಗ ೧.೮೯ ಎಲೆಕ್ಟ್ರಾನ್-ವೋಲ್ಟು ಉಳಿಯುತ್ತದೆ. ಅದು ಬೆಳಕಿನ ಒಂದು ಕಣವಾಗಿ, ಎಂದರೆ ಫೋಟಾನಾಗಿ, ಹೊರಬೀಳುತ್ತದೆ. ಅದರ ಅಲೆಯುದ್ದ ೬೫೬.೩ ನ್ಯಾನೊಮೀಟರು, ಕಣ್ಣಿಗೆ ಕೆಂಪು. ನಾಲ್ಕನೆಯದರಿಂದ ಎರಡನೆಯದಕ್ಕೆ ಬಂದರೆ ೪೮೬.೧ ನ್ಯಾನೊಮೀಟರಿನ ಹಸುರುನೀಲಿ. ೧೮೮೫ರಲ್ಲಿ ಬಾಲ್ಮರನು ಈ ರೇಖೆಗಳನ್ನು ಒಂದು ಸೂತ್ರದಲ್ಲಿ ಪೋಣಿಸಿದನು. ೧೯೧೩ರಲ್ಲಿ ಬೋರನು ಆ ಸೂತ್ರಕ್ಕೆ ಕಾರಣವನ್ನು ಕಲ್ಪಿಸಿದನು.

ಇದರಿಂದ ಉಪಮೇಯದ ಧರ್ಮಗಳು ಐದೆಂದು ಸಂಗ್ರಹಿಸಬಹುದು. ಸ್ಥಿತಿಗಳು ಬಿಡಿಬಿಡಿಯಾದುವು. ಅವುಗಳ ಅಂತರಗಳು ಸಮವಲ್ಲ. ಒಂದೊಂದು ಮೂಲವಸ್ತುವಿಗೂ ಬೇರೆಬೇರೆ. ಬೆಳಕಿನ ಬಣ್ಣವನ್ನು ನಿಶ್ಚಯಿಸುವುದು ಒಂದು ಸ್ಥಿತಿಯಲ್ಲ, ಎರಡು ಸ್ಥಿತಿಗಳ ಅಂತರ. ಹೊರಗಣಿಂದ ಬಂದ ಬೆಳಕಿನ ಶಕ್ತಿಯು ಅಂತಹ ಒಂದು ಅಂತರಕ್ಕೆ ಸರಿಹೊಂದಿದರೆ ಮಾತ್ರ ಪರಮಾಣುವು ಅದನ್ನು ಹೀರುತ್ತದೆ. ಕಡೆಯದಾಗಿ, ಮೇಲಿನ ಸ್ಥಿತಿಯಲ್ಲಿರುವ ಒಂದು ಪರಮಾಣು ತಾನಾಗಿ ಯಾವ ಕ್ಷಣದಲ್ಲಿ ಬೆಳಕನ್ನು ಬಿಡುತ್ತದೆಂದು ಹೇಳಲಾಗದು. ಬಹುಸಂಖ್ಯೆಯ ಪರಮಾಣುಗಳ ಸರಾಸರಿಯನ್ನು ಮಾತ್ರ ಹೇಳಬಹುದು. ಸೋಡಿಯಮಿನ ಹಳದಿ ಬೆಳಕಿಗೆ ಕಾರಣವಾದ ಸ್ಥಿತಿಯ ಸರಾಸರಿ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲಿ ೧೬ ಪಾಲು.

ಜಮಖಂಡಿಯ ಮಾತು ಇಲ್ಲಿ ಬರುತ್ತದೆ. ೧೮೬೮ನೆಯ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲನು ಜಮಖಂಡಿಯಲ್ಲಿ ನಿಂತು ರೋಹಿತದರ್ಶಕದಿಂದ ನೋಡಿದನು. ಮೋಡಗಳ ನಡುವೆ ಸಿಕ್ಕಿದ ಅಲ್ಪಕಾಲದಲ್ಲಿಯೇ, ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳಲ್ಲಿ ಪ್ರಕಾಶಮಾನವಾದ ಬಿಡಿ ರೇಖೆಗಳು ಅವನಿಗೆ ಕಂಡುವು. ಆ ಜ್ವಾಲೆಗಳು ಕಾದ ಅನಿಲವೆಂಬುದು ಇದರಿಂದ ಸಿದ್ಧವಾಯಿತು. ಆ ಗ್ರಹಣದಲ್ಲಿ ಕಂಡ ಹಳದಿ ರೇಖೆಯನ್ನು ವೀಕ್ಷಕರಲ್ಲಿ ಹಲವರು ಮೊದಲು ಸೋಡಿಯಮಿನದೆಂದೇ ಬಗೆದರು. ಸೋಡಿಯಮಿನ ಜೋಡಿರೇಖೆಗಳು ೫೮೯.೦ ಮತ್ತು ೫೮೯.೬ ನ್ಯಾನೊಮೀಟರುಗಳಲ್ಲಿವೆ, ಈ ರೇಖೆ ೫೮೭.೬ರಲ್ಲಿತ್ತು. ಆ ಅಲ್ಪ ಭೇದದ ಹಿಂದೆ ಹೀಲಿಯಂ ಎಂಬ ಹೊಸ ಮೂಲವಸ್ತುವೇ ಅಡಗಿದ್ದಿತು. ೧೮೯೫ರಲ್ಲಿ ರ್‍ಯಾಮ್ಸೆಯು ಅದನ್ನು ಭೂಮಿಯ ಖನಿಜದಲ್ಲಿ ಕಂಡನು. ಆ ವಸ್ತುವಿಗೆ ಸೂರ್ಯನ ಹೆಸರನ್ನಿಟ್ಟ ಲಾಕಿಯರನು ೧೮೭೧ರ ಡಿಸೆಂಬರ್ ೧೨ರ ಗ್ರಹಣವನ್ನು ಕಾಸರಗೋಡಿನ ಸೀಮೆಯ ಬೇಕಲಕೋಟೆಯಿಂದ ನೋಡಿದನು. ಹೀಗೆ ಕನ್ನಡದ ನೆಲದ ಎರಡು ತುದಿಗಳು ಈ ಶಾಸ್ತ್ರದ ಚರಿತ್ರೆಯಲ್ಲಿ ಸೇರಿವೆ. ವಿಮರ್ಶಕನಿಗೆ ಇದರಲ್ಲಿ ಒಂದು ಪಾಠವಿದೆ: ಸಾದೃಶ್ಯವು ಬಹಳ ಹತ್ತಿರವಾದಾಗಲೇ ಭೇದವನ್ನು ಹೆಚ್ಚು ಎಚ್ಚರದಿಂದ ಅಳೆಯಬೇಕು.

೩

ಈಗ ಉಪಮಾನಗಳನ್ನು ಒಂದೊಂದಾಗಿ ನೋಡಬಹುದು. ದಾವಣಗೆರೆ ಹರಿಹರಗಳ ನಡುವೆ ಇರುವುದು ಸುಮಾರು ೧೪ ಕಿಲೋಮೀಟರು. ಒಂದು ಕಡೆ ಹತ್ತಿಯ ವ್ಯಾಪಾರವೂ ಮಂಡಕ್ಕಿಯ ಭಟ್ಟಿಗಳೂ, ಇನ್ನೊಂದು ಕಡೆ ತುಂಗಭದ್ರೆಯೂ ಹರಿಹರೇಶ್ವರನ ಗುಡಿಯೂ ಇವೆ. ಉಪಮಾನವು ಕೇಳುವವನಿಗೆ ಪರಿಚಿತವಾಗಿರಬೇಕೆಂಬ ನಿಯಮದಂತೆ, ಈ ಸೀಮೆಯ ಉಪಾಧ್ಯಾಯನಿಗೆ ಕೈಗೆಟಕುವ ಪದಾರ್ಥಗಳಿಂದಲೇ ಪರೀಕ್ಷೆಯನ್ನು ನಡೆಸುವುದು ಯುಕ್ತ.

ಎಲ್ಲಕ್ಕಿಂತ ಪ್ರಚುರವಾದುದು ಮೆಟ್ಟಿಲಿನ ಉಪಮಾನ. ಹೊಳೆಯ ಸೋಪಾನದಲ್ಲಿ ಒಂದು ಮೆಟ್ಟಿಲ ಮೇಲೆ ನಿಲ್ಲಬಹುದು, ಇನ್ನೊಂದರ ಮೇಲೆ ನಿಲ್ಲಬಹುದು, ಎರಡರ ನಡುವೆ ನಿಲ್ಲಲಾಗದು. ಸ್ಥಿತಿಗಳ ಬಿಡಿತನವನ್ನು ಇಷ್ಟು ಸುಲಭವಾಗಿ ಹೇಳುವ ಉಪಮಾನ ಬೇರೊಂದಿಲ್ಲ. ಅಲ್ಲದೆ ಕೆಳಗಿನ ಮೆಟ್ಟಿಲಲ್ಲಿರುವವನು ಅಲ್ಲಿಂದಲೇ ಹೊರಡಬೇಕಷ್ಟೆ. ತಣ್ಣಗಿರುವ ಜಲಜನಕವು ೬೫೬.೩ರ ಕೆಂಪನ್ನು ಹೀರದಿರುವುದಕ್ಕೂ ಇದೇ ಕಾರಣ. ಆ ಬೆಳಕನ್ನು ಹೀರಬೇಕಾದರೆ ಎಲೆಕ್ಟ್ರಾನು ಮೊದಲೇ ಎರಡನೆಯ ಸ್ಥಿತಿಯಲ್ಲಿರಬೇಕು. ನಕ್ಷತ್ರದ ಉಷ್ಣತೆ ಹೆಚ್ಚಿದಂತೆ ಪರಮಾಣುಗಳ ಸ್ಥಿತಿ ಹೇಗೆ ಬದಲಾಗುತ್ತದೆಂದು ಮೇಘನಾದ ಸಹಾ ೧೯೨೦ರಲ್ಲಿ ನಡೆಸಿದ ಗಣನೆಯ ಬೀಜವೂ ಈ ಮಾತಿನಲ್ಲಿ ಅಡಗಿದೆ.

ಆದರೂ ಈ ಉಪಮಾನವು ನಿರ್ದೋಷವಲ್ಲ. ಕಟ್ಟಿದ ಮೆಟ್ಟಿಲುಗಳು ಸಮವಾದುವು. ಜಲಜನಕದ ಮೊದಲ ಅಂತರ ೧೦.೨, ಮುಂದಿನದು ೧.೮೯, ಅದರ ಮುಂದಿನದು ೦.೬೬. ಸಮತೆಯೆಂಬ ಇಲ್ಲದ ಧರ್ಮವನ್ನು ತಂದುದರಿಂದ ಇದು ಅಧಿಕತ್ವ. ಮೆಟ್ಟಿಲೇರಲು ಬೇಕಾದುದಕ್ಕಿಂತ ಹೆಚ್ಚು ಬಲವಿದ್ದರೆ ಬಾಧಕವಿಲ್ಲ. ಪರಮಾಣುವಿಗೆ ಬೇಕಾದುದಕ್ಕಿಂತ ತುಸು ಹೆಚ್ಚು ಶಕ್ತಿಯುಳ್ಳ ಬೆಳಕು ಬಂದರೂ, ಅದು ಬೇರೊಂದು ಅಂತರಕ್ಕೆ ಸರಿಹೊಂದದಿದ್ದರೆ, ಹೀರಿಕೆಯಾಗದು. ಮುಖ್ಯವಾದ ಧರ್ಮವೇ ಬಿಟ್ಟುಹೋದುದರಿಂದ ಇದು ಹೀನತ್ವ. ಮೆಟ್ಟಿಲುಗಳ ನಡುವೆ ಕಾಲು ಗಾಳಿಯಲ್ಲಿ ಹಾದುಹೋಗುವ ದಾರಿಯುಂಟು; ಎಲೆಕ್ಟ್ರಾನಿಗೆ ಅಂತಹ ದಾರಿಯನ್ನು ಕಲ್ಪಿಸುವುದು ಅಸಾದೃಶ್ಯ. ದೋಷಗಳು ಮೂರಾದರೂ ಗುಣವು ದೊಡ್ಡದೆಂದು ಉಪಮಾನವನ್ನು ಉಳಿಸಿಕೊಳ್ಳಬಹುದು. ದೋಷಗಳನ್ನು ಮರೆಮಾಡಿ ಉಳಿಸಿಕೊಳ್ಳಬಾರದು.

ಎರಡನೆಯದು ತಂತಿಯ ಉಪಮಾನ. ಶ್ರುತಿಗೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮುಟ್ಟದ ಇನ್ನೊಂದೂ ಮಿಡಿಯುತ್ತದೆ. ಶ್ರುತಿ ತಪ್ಪಿದ್ದರೆ ಸುಮ್ಮನಿರುತ್ತದೆ. ಮೆಟ್ಟಿಲಿಗೆ ಹೇಳಲಾಗದ ಹೊಂದಾಣಿಕೆಯನ್ನು ತಂತಿಯು ಅಂದವಾಗಿ ಹೇಳುತ್ತದೆ. ಆದರೆ ತಂತಿಯ ಸ್ವರವು ತಂತಿಯ ಸ್ವಂತ ಕಂಪನದ ಸ್ವರ. ಪರಮಾಣುವಿನಲ್ಲಾದರೋ ಬೆಳಕಿನ ಆವೃತ್ತಿಯು ಯಾವ ಒಂದು ಸ್ಥಿತಿಯ ಸ್ವಂತ ಆವೃತ್ತಿಯೂ ಅಲ್ಲ, ಎರಡರ ಅಂತರ. ೧೯೦೮ರಲ್ಲಿ ರಿಟ್ಸನು ರೇಖೆಗಳ ಸಂಯೋಗನಿಯಮವನ್ನು ಹೇಳಿದಾಗಲೇ ಇದು ಗೋಚರವಾಗಿದ್ದಿತು. ಮೂರರಿಂದ ಒಂದಕ್ಕೆ ಬಂದಾಗಿನ ೧೨.೦೯ ಎಲೆಕ್ಟ್ರಾನ್-ವೋಲ್ಟು, ಮೂರರಿಂದ ಎರಡಕ್ಕೂ ಎರಡರಿಂದ ಒಂದಕ್ಕೂ ಬಂದಾಗಿನ ೧.೮೯ ಮತ್ತು ೧೦.೨೦ರ ಮೊತ್ತ. ತಂತಿಯ ಸ್ವರಗಳಲ್ಲಿ ಇಂತಹ ಲೆಕ್ಕದ ನಂಟು ಮುಖ್ಯವಲ್ಲ. ಅಲ್ಲಿ ಮೂಲಸ್ವರದ ಪೂರ್ಣಗುಣಕಗಳೇ ಪ್ರಧಾನ. ಬೋರನು ಹಳೆಯ ಶಾಸ್ತ್ರವನ್ನು ಬಿಟ್ಟದ್ದು ಸರಿಯಾಗಿ ಈ ಸ್ಥಳದಲ್ಲಿ. ಆದುದರಿಂದ ತಂತಿಯ ಉಪಮಾನವನ್ನು ಒಂದನ್ನೇ ನೆಚ್ಚಿದ ವಿದ್ಯಾರ್ಥಿಯು ಬೋರನಿಗಿಂತ ಹಿಂದಿನ ಕಾಲದಲ್ಲಿಯೇ ಉಳಿಯುವನು.

ಮೂರನೆಯದಾಗಿ ದಾವಣಗೆರೆಯ ಮಂಡಿಯಿಂದ ಒಂದು ಉಪಮಾನವನ್ನು ಕಲ್ಪಿಸಬಹುದು: ಪರಮಾಣುವು ಚಿಲ್ಲರೆ ಕೊಡದ ವರ್ತಕ. ಸರಕಿಗೆ ತಕ್ಕ ನಾಣ್ಯವನ್ನು ಸರಿಯಾಗಿ ತಂದವನಿಗೆ ಮಾತ್ರ ಸರಕು. ಕಡಿಮೆ ತಂದವನಂತೆಯೇ ಹೆಚ್ಚು ತಂದವನೂ ಬರಿಗೈಯಲ್ಲಿ ಹಿಂದಿರುಗಬೇಕು. ಹೀರಿಕೆಯ ನಿಯಮವೂ ಶಕ್ತಿಯ ಲೆಕ್ಕವೂ ಇಲ್ಲಿ ಒಟ್ಟಿಗೆ ಬಂದಿವೆ. ಈ ಉಪಮಾನದ ವಿಶೇಷವೆಂದರೆ ಅದರ ಮಿತಿಯೂ ಬೋಧಪ್ರದವಾಗಿರುವುದು. ೧೯೧೪ರಲ್ಲಿ ಫ್ರಾಂಕ್ ಮತ್ತು ಹರ್ಟ್ಸ್ ಪಾದರಸದ ಆವಿಯೊಳಗೆ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ, ಡಿಕ್ಕಿಹೊಡೆದ ಎಲೆಕ್ಟ್ರಾನು ೪.೯ ಎಲೆಕ್ಟ್ರಾನ್-ವೋಲ್ಟುಗಳನ್ನು ತೆತ್ತು, ಉಳಿದುದನ್ನು ತನ್ನಲ್ಲಿಟ್ಟುಕೊಂಡು ಮುಂದೆ ಹೋಯಿತು. ಎಂದರೆ ಬೆಳಕಿಗೆ ಚಿಲ್ಲರೆ ಕೊಡದ ವರ್ತಕನು ಎಲೆಕ್ಟ್ರಾನಿಗೆ ಕೊಡುತ್ತಾನೆ. ಬೆಳಕಿನ ವಿಷಯದಲ್ಲಿಯೂ ಚದರಿಕೆಯಲ್ಲಿ ಈ ನಿಯಮವಿಲ್ಲ. ಚಂದ್ರಶೇಖರ ವೆಂಕಟರಾಮನ್ನರು ೧೯೨೮ನೆಯ ಮಾರ್ಚ್ ೧೬ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ಹೊಸ ವಿಕಿರಣವು, ಅಣುವಿಗೆ ಸ್ವಲ್ಪ ಶಕ್ತಿಯನ್ನು ಬಿಟ್ಟುಕೊಟ್ಟು ಉಳಿದುದರೊಡನೆ ಹೊರಬಂದ ಬೆಳಕು. ಹೀಗೆ ಉಪಮಾನವು ನಿಲ್ಲುವ ಸ್ಥಳದಲ್ಲಿ ಮುಂದಿನ ಎರಡು ಪಾಠಗಳು ಮೊದಲಾಗುತ್ತವೆ. ಮಿತಿಯನ್ನು ಹೇಳುವುದರಿಂದ ಪಾಠಕ್ಕೆ ನಷ್ಟವಿಲ್ಲ, ಲಾಭವುಂಟೆಂಬುದಕ್ಕೆ ಇದು ನಿದರ್ಶನ.

೪

ನಾಲ್ಕನೆಯದು ಹರಿಹರೇಶ್ವರನ ಉಪಮಾನ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಬೆಳಕು ಅಲೆಯೂ ಹೌದು, ಕಣವೂ ಹೌದು ಎಂಬುದನ್ನು ಹೇಳಬೇಕಾದಾಗ ಈ ಸೀಮೆಯವನ ನಾಲಗೆಗೆ ಈ ಮೂರ್ತಿಯ ಹೆಸರು ಬರುವುದು ಸಹಜವೇ. ಒಂದೇ ವಸ್ತುವನ್ನು ಎರಡು ಹೆಸರಿನಿಂದ ಕರೆಯುವುದು ವಿರೋಧವಲ್ಲವೆಂಬ ಮಟ್ಟಿಗೆ ಉಪಮಾನವು ಸಾಧು. ಆದರೆ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಎರಡೂ ಒಂದೇ ನೋಟಕ್ಕೆ ಅಕ್ಕಪಕ್ಕದಲ್ಲಿ ಕಾಣುತ್ತವೆ. ಬೆಳಕು ಅರ್ಧ ಅಲೆ, ಅರ್ಧ ಕಣವಲ್ಲ. ಅಲೆಯ ಗುಣವನ್ನು ಪೂರ್ತಿಯಾಗಿ ತೋರಿಸುವ ಪ್ರಯೋಗದಲ್ಲಿ ಕಣದ ದಾರಿಯನ್ನು ಕೇಳಲಾಗದು. ಕಣದ ದಾರಿಯನ್ನು ನಿಶ್ಚಯಿಸುವ ಪ್ರಯೋಗದಲ್ಲಿ ಅಲೆಯ ಪಟ್ಟೆಗಳು ಅಳಿಯುತ್ತವೆ.

ಇದಕ್ಕಿಂತ ದೊಡ್ಡ ಅಪಾಯವು ಬೇರೆ. ಉಪಮಾನವಾಗಿ ಬಂದ ಮೂರ್ತಿಯು ಬರಬರುತ್ತ ಸಾಕ್ಷಿಯಾಗಿ ನಿಲ್ಲುತ್ತದೆ. ಪೂರ್ವಿಕರು ಈ ತತ್ತ್ವವನ್ನು ಮೊದಲೇ ಅರಿತಿದ್ದರೆಂಬ ಮಾತು ಅದರ ಹಿಂದೆಯೇ ಬರುತ್ತದೆ. ಪೋಲಾಳ್ವನ ಗುಡಿಯು ಶೈವವೈಷ್ಣವಗಳ ಸಾಮರಸ್ಯವನ್ನು ಕಲ್ಲಿನಲ್ಲಿ ನಿಲ್ಲಿಸಿತು. ಅದರ ಹಿರಿಮೆಗೆ ಅಷ್ಟು ಸಾಕು. ಇಲ್ಲದ ಹಿರಿಮೆಯನ್ನು ಹೊರಿಸಿದರೆ ಗುಡಿಯ ಅರ್ಥವೂ ಕೆಡುತ್ತದೆ, ಶಾಸ್ತ್ರದ ಅರ್ಥವೂ ಕೆಡುತ್ತದೆ.

ನೈಯಾಯಿಕರು ಉಪಮಾನವನ್ನೂ ಒಂದು ಪ್ರಮಾಣವೆಂದು ಒಪ್ಪಿದ್ದಾರಲ್ಲವೇ ಎಂದು ಆಕ್ಷೇಪಿಸಬಹುದು. ಅವರ ಉದಾಹರಣೆಯೇ ಇದಕ್ಕೆ ಸಮಾಧಾನ. ಗವಯವು ಹಸುವಿನಂತಿರುತ್ತದೆಂದು ಕೇಳಿದವನಿಗೆ, ಕಾಡಿಗೆ ಹೋಗಿ ಆ ಮೃಗವನ್ನು ಕಂಡ ಮೇಲಲ್ಲದೆ, ಇದೇ ಗವಯವೆಂಬ ಜ್ಞಾನವು ಹುಟ್ಟದು. ಪರಮಾಣುವಿನ ಬೆಳಕಿಗೂ ಅಂತಹ ಕಾಡು ಬೇಕು, ಅದು ದೂರವಿಲ್ಲ. ಮಂಡಕ್ಕಿಭಟ್ಟಿಯ ಉರಿಯೂ ಹಳದಿ. ಸ್ಪಿರಿಟ್ ದೀಪದ ಜ್ವಾಲೆಗೆ ಒಂದು ಚಿಟಿಕೆ ಉಪ್ಪನ್ನು ತೋರಿದರೆ ಅದೂ ಹಳದಿ. ಭಟ್ಟಿಯ ಹಳದಿಗೆ ಮುಖ್ಯಕಾರಣವು ಕಾದು ಬೆಳಗುವ ಮಸಿಯ ಕಣಗಳು. ಅದನ್ನು ಪಟ್ಟಕದಿಂದಲೋ, ಹಳೆಯ ಸಿ. ಡಿ. ತಟ್ಟೆಯ ಹೊಳಪಿನಿಂದಲೋ ಬಿಡಿಸಿ ನೋಡಿದರೆ ಕೆಂಪಿನಿಂದ ಮೊದಲಾಗಿ ಬಣ್ಣಗಳು ಎಡೆಬಿಡದೆ ಹರಡುತ್ತವೆ. ಉಪ್ಪಿನ ಹಳದಿಯು ಸೋಡಿಯಮಿನದು. ಬಿಡಿಸಿದರೂ ಅದು ಹಳದಿಯಾಗಿಯೇ ಒಂದೆಡೆ ನಿಲ್ಲುತ್ತದೆ. ಕಣ್ಣಿಗೆ ಒಂದಾದುವು ಕಾರಣದಲ್ಲಿ ಎರಡು. ಕೆಲವು ವರ್ಷಗಳ ಹಿಂದಿನವರೆಗೆ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿದ್ದ ಅಧಿಕ ಒತ್ತಡದ ಸೋಡಿಯಂ ದೀಪಗಳಲ್ಲಿ ಇನ್ನೊಂದು ವಿಶೇಷವುಂಟು. ನಡುವಣ ಕಾದ ಆವಿಯು ಬಿಟ್ಟ ಹಳದಿಯನ್ನು ಅಂಚಿನ ತಣ್ಣನೆಯ ಆವಿಯೇ ಹೀರಿ, ರೇಖೆಯ ನಡುಮಧ್ಯದಲ್ಲಿ ಕತ್ತಲೆಯನ್ನುಂಟುಮಾಡುತ್ತದೆ. ಸೂರ್ಯನ ರೋಹಿತದಲ್ಲಿ ಫ್ರಾನ್‌ಹೋಫರನು ೧೮೧೪ರಲ್ಲಿ ಕಂಡ, ೧೮೫೯ರಲ್ಲಿ ಕಿರ್ಕಾಫನು ವಿವರಿಸಿದ ಕಪ್ಪು ರೇಖೆಗಳ ರಹಸ್ಯವು ಬೀದಿಯ ಕಂಬದ ಮೇಲೆಯೇ ತೂಗುತ್ತಿದ್ದಿತು.

೫

ಉಪಮಾನವು ವಾಕ್ಯದಲ್ಲಿ ಮಾತ್ರವಲ್ಲ, ಶಬ್ದದಲ್ಲಿಯೂ ಅಡಗಿರುತ್ತದೆ. 'ಕಕ್ಷೆ' ಎಂದೊಡನೆ ಗ್ರಹವು ನೆನಪಿಗೆ ಬರುತ್ತದೆ. ೧೯೧೩ರ ಬೋರನಿಗೆ ಈ ಶಬ್ದವು ಒಪ್ಪುತ್ತಿತ್ತು. ೧೯೨೫-೨೬ರಲ್ಲಿ ಹೈಸೆನ್‌ಬರ್ಗ್ ಮತ್ತು ಶ್ರೋಡಿಂಗರರ ಸಿದ್ಧಾಂತಗಳು ಬಂದ ಮೇಲೆ ಒಪ್ಪುವುದಿಲ್ಲ. ಜಲಜನಕದ ಮೊದಲ ಸ್ಥಿತಿಯಲ್ಲಿ ಎಲೆಕ್ಟ್ರಾನಿಗೆ ಸುತ್ತುವಿಕೆಯ ಆವೇಗವೇ ಇಲ್ಲ. ಸುತ್ತದ ವಸ್ತುವಿಗೆ ಕಕ್ಷೆಯನ್ನು ಹೇಳುವುದು ಅಸಂಭವದೋಷ. 'ಸ್ಥಿತಿ' ಎಂಬ ಶಬ್ದವು ಅಷ್ಟು ಚಿತ್ರವತ್ತಾಗಿಲ್ಲದಿದ್ದರೂ ಸುಳ್ಳಾಡುವುದಿಲ್ಲ. 'ಶೋಷಣೆ' ಎಂಬುದು ವ್ಯುತ್ಪತ್ತಿಯಿಂದ ಸರಿಯಾದರೂ ಇಂದಿನ ಬಳಕೆಯಲ್ಲಿ ಬೇರೆ ಅರ್ಥವನ್ನು ಹೊತ್ತಿರುವುದರಿಂದ 'ಹೀರಿಕೆ'ಯೇ ಲೇಸು.

ಮುಖ್ಯವಾದ ಪ್ರಶ್ನೆಯು ಸ್ಥಿತಿಯಿಂದ ಸ್ಥಿತಿಗೆ ಆಗುವ ಬದಲಾವಣೆಯ ಹೆಸರಿನದು. 'ಜಿಗಿತ', 'ನೆಗೆತ' ಎಂಬ ದೇಸಿಶಬ್ದಗಳು ಕಿವಿಗೆ ಹಿತವಾಗಿವೆ. ಆದರೆ ಅವು ಒಂದು ಕ್ಷಣದಲ್ಲಿ, ನಡುವೆ ಏನೂ ಇಲ್ಲದೆ, ಹಾರಿದಂತೆ ಸೂಚಿಸುತ್ತವೆ. ಶ್ರೋಡಿಂಗರನ ಸಮೀಕರಣದಂತೆ ನಡುವಣ ಕಾಲದಲ್ಲಿ ಎರಡು ಸ್ಥಿತಿಗಳೂ ಬೆರೆತಿರುತ್ತವೆ, ಆ ಬೆರಕೆಯ ಪ್ರಮಾಣವು ಕ್ರಮವಾಗಿ ಬದಲಾಗುತ್ತದೆ. ಅಳೆದಾಗ ಮಾತ್ರ ಎರಡರಲ್ಲೊಂದು ದೊರೆಯುತ್ತದೆ. ೨೦೧೯ರಲ್ಲಿ ಅಮೆರಿಕಾದ ಯೇಲ್ ವಿಶ್ವವಿದ್ಯಾನಿಲಯದ ಶೋಧಕರು ಕೃತಕ ಪರಮಾಣುವೊಂದರಲ್ಲಿ ಇಂತಹ 'ಜಿಗಿತ'ವು ನಡೆಯುತ್ತಿರುವಾಗಲೇ ಅದನ್ನು ಅನುಸರಿಸಿ, ಅದು ಅವಿಚ್ಛಿನ್ನವಾದ ಗತಿಯೆಂದು ತೋರಿಸಿದರು.

ಹೀಗಿರಲಾಗಿ 'ಸಂಕ್ರಮಣ'ವೇ ಹೆಚ್ಚು ಯೋಗ್ಯವಾದ ಶಬ್ದವೆಂದು ತೋರುತ್ತದೆ. ರಸಾಯನಶಾಸ್ತ್ರದಲ್ಲಿ 'ಸಂಕ್ರಮಣ ಧಾತು' ಎಂಬಲ್ಲಿ ಅದು ಈಗಾಗಲೇ ನೆಲೆಸಿದೆ. ಎಳ್ಳುಬೆಲ್ಲದ ಹಬ್ಬದಿಂದ ಎಲ್ಲರಿಗೂ ಪರಿಚಿತವಾಗಿದೆ. ರಾಶಿಗಳ ಎಣಿಕೆಯು ಬಿಡಿಬಿಡಿ: ಧನುಸ್ಸು ಮಕರಗಳ ನಡುವೆ ಹೆಸರುಳ್ಳ ಬೇರೊಂದು ರಾಶಿಯಿಲ್ಲ. ಆದರೂ ಸೂರ್ಯನ ಗತಿಯು ಎಲ್ಲಿಯೂ ಕಡಿಯುವುದಿಲ್ಲ. ಎಣಿಕೆಯ ಬಿಡಿತನವನ್ನೂ ಗತಿಯ ಅವಿಚ್ಛಿನ್ನತೆಯನ್ನೂ ಒಂದೇ ಶಬ್ದವು ಹೇಳಬಲ್ಲದು. ಇಲ್ಲಿಯೂ ಭೇದವನ್ನು ಹೇಳಲೇಬೇಕು: ಮಕರಸಂಕ್ರಮಣದ ಘಳಿಗೆಯನ್ನು ಪಂಚಾಂಗವು ಮೊದಲೇ ಗುಣಿಸಿ ಹೇಳುತ್ತದೆ, ಒಂದು ಪರಮಾಣು ಬೆಳಕನ್ನು ಬಿಡುವ ಘಳಿಗೆಯನ್ನು ಹೇಳುವ ಪಂಚಾಂಗವಿಲ್ಲ. ೧೯೧೬ರಲ್ಲಿ ಐನ್‌ಸ್ಟೈನನು ಅದಕ್ಕೆ ಸಂಭವನೀಯತೆಯ ಗಣಿತವನ್ನು ಒದಗಿಸಿದನು. ಅಂದಿನಿಂದ ಇಂದಿನವರೆಗೆ ಸಂಭವನೀಯತೆಗಿಂತ ಹೆಚ್ಚಿನ ಉತ್ತರವು ದೊರೆತಿಲ್ಲ.

೬

ಮೇಲಣ ವಿಚಾರದಿಂದ ಫಲಿತವಾಗುವುದಿಷ್ಟು. 'ಎಲೆಕ್ಟ್ರಾನು ಮೆಟ್ಟಿಲೇರುತ್ತದೆ' ಎಂಬಲ್ಲಿ 'ಅಂತೆ' ಎಂಬ ವಾಚಕವೂ ಇಲ್ಲ, ಭೇದದ ಸೂಚನೆಯೂ ಇಲ್ಲ. ಉಪಮಾನವು ಉಪಮೇಯವನ್ನು ನುಂಗಿದೆ. ಕವಿಗೆ ಇದು ಭೂಷಣ, ಉಪಾಧ್ಯಾಯನಿಗೆ ಅಲ್ಲ. ಸಾದೃಶ್ಯವನ್ನು ಹೇಳಿ, ಒಡನೆಯೇ ಭೇದವನ್ನೂ ಹೇಳುವ ಅಲಂಕಾರವನ್ನು ದಂಡಿಯು ವ್ಯತಿರೇಕವೆಂದು ಕರೆದನು. ಮಮ್ಮಟಾದಿಗಳು ಅದರಲ್ಲಿ ಉಪಮೇಯದ ಆಧಿಕ್ಯವನ್ನು ಬಯಸಿದರೂ, ದಂಡಿಯ ಲಕ್ಷಣದಲ್ಲಿ ಭೇದಕಥನವೇ ಪ್ರಧಾನ; ಶಾಸ್ತ್ರದ ಗದ್ಯಕ್ಕೆ ಬೇಕಾದುದೂ ಅದೇ. ಮೆಟ್ಟಿಲಿನಂತೆ, ಆದರೆ ಸಮವಲ್ಲ. ತಂತಿಯಂತೆ, ಆದರೆ ಸ್ವರವು ಒಂದು ಸ್ಥಿತಿಯದಲ್ಲ. ವರ್ತಕನಂತೆ, ಆದರೆ ಎಲೆಕ್ಟ್ರಾನಿಗೆ ಚಿಲ್ಲರೆಯುಂಟು. ಸಂಕ್ರಮಣದಂತೆ, ಆದರೆ ಘಳಿಗೆಯು ಗೊತ್ತಿಲ್ಲ. ಈ 'ಆದರೆ'ಯು ಬಿಟ್ಟುಹೋದ ಪಾಠವು ಅರ್ಧಪಾಠ.

ಅಲಂಕಾರಶಾಸ್ತ್ರವನ್ನು ಓದಿಸುವ ಅಧ್ಯಾಪಕರಿಗೆ ಇದರಲ್ಲಿ ಒಂದು ಕಾರ್ಯವಿದೆ. ಉಪಮಾದೋಷಗಳಿಗೆ ಹಳೆಯ ಕಾವ್ಯಗಳಿಂದ ಉದಾಹರಣೆಗಳನ್ನು ಕೊಡುವಾಗ, ಅದೇ ತರಗತಿಯ ಭೌತಶಾಸ್ತ್ರದ ಪಠ್ಯದಿಂದಲೂ ಒಂದೆರಡು ವಾಕ್ಯಗಳನ್ನು ತೆಗೆದು ಪರೀಕ್ಷೆಗೆ ಒಡ್ಡಬಹುದು. ವಿದ್ಯಾರ್ಥಿಗೆ ವಾಮನನೂ ಬೋರನೂ ಒಂದೇ ದಿನ ಪ್ರಯೋಜನಕ್ಕೆ ಬರುವರು. ೧೯೨೨ರ ಬಳಿಕ ೧೯೯೨ರಲ್ಲಿ ಮತ್ತೊಮ್ಮೆ, ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ, ಸಮ್ಮೇಳನವನ್ನು ಕಂಡ ದಾವಣಗೆರೆಯ ಸೀಮೆಯಲ್ಲಿ ಸಾಹಿತ್ಯಾಧ್ಯಾಪಕರಿಗೂ ವಿಜ್ಞಾನಾಧ್ಯಾಪಕರಿಗೂ ಕೊರತೆಯಿಲ್ಲ. ಇಬ್ಬರೂ ಕೂಡಿ ಪಠ್ಯಗಳ ಉಪಮಾನಗಳನ್ನು ಸೋಸಿ, ಒಂದೊಂದರ ಮುಂದೆಯೂ ಅದರ ಸಾಧಾರಣಧರ್ಮವನ್ನೂ ಮಿತಿಯನ್ನೂ ಗುರುತಿಸಿದ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ, ಅದು ಗಾತ್ರದಲ್ಲಿ ಚಿಕ್ಕದಾದರೂ ಕನ್ನಡದ ಶಾಸ್ತ್ರಗದ್ಯಕ್ಕೆ ಬಹುಕಾಲ ಉಪಯೋಗವಾಗುವ ಕೆಲಸವಾಗುವುದು.